ಮನೆಯಿಂದ ಕೆಲಸ ಮಾಡುವವರ ಸೈಬರ್ ಸುರಕ್ಷತೆ: ಯಾವುದು ಮೊದಲು, ಯಾವುದು ಆಮೇಲೆ

ಮನೆಯಲ್ಲಿ ಕೂತು ಆಫೀಸ್ ಕೆಲಸ ಮಾಡುವವರು ಸುರಕ್ಷತೆಗೆ ಏನೂ ಮಾಡುವುದಿಲ್ಲ ಅಂತಲ್ಲ. ಪಾಸ್‌ವರ್ಡ್ ಬದಲಾಯಿಸುತ್ತಾರೆ, ಆಂಟಿವೈರಸ್ ಹಾಕುತ್ತಾರೆ, ದುಡ್ಡು ಕೊಟ್ಟು ವಿಪಿಎನ್ (ದತ್ತಾಂಶ ಹೋಗುವ ದಾರಿಯನ್ನು ಬೇರೆಯವರಿಗೆ ಕಾಣದಂತೆ ಮುಚ್ಚುವ ಸೇವೆ) ತಗೊಳ್ಳುತ್ತಾರೆ. ಆದರೂ ಸ್ವಲ್ಪ ದಿನದಲ್ಲೇ ಖಾತೆ ಮತ್ತೆ ಕೈತಪ್ಪುತ್ತದೆ. ಎಷ್ಟೋ ಸಲ ಇದಕ್ಕೆ ಕಾರಣ ಕೆಲಸಗಳನ್ನು ಮಾಡಿದ ಕ್ರಮ. ಪಾಸ್‌ವರ್ಡ್ ಕದಿಯುವ ತಂತ್ರಾಂಶ ಲ್ಯಾಪ್‌ಟಾಪಿನಲ್ಲಿ ಇರುವಾಗಲೇ ಅದೇ ಲ್ಯಾಪ್‌ಟಾಪಿನಲ್ಲಿ ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಹೊಸದೂ ಹೋಯಿತು. ಕಳ್ಳ ಅಟ್ಟದ ಮೇಲೆ ಕೂತಿರುವಾಗ ಬಾಗಿಲಿಗೆ ಹೊಸ ಬೀಗ ಹಾಕಿದ ಹಾಗೆ.

ಹಾಗಾಗಿ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಮೊದಲು ಯಂತ್ರ, ಆಮೇಲೆ ಇಮೇಲ್, ಆಮೇಲೆ ಉಳಿದ ಖಾತೆಗಳು, ಆಮೇಲೆ ವೈಫೈ. ಎಲ್ಲವನ್ನೂ ಒಂದೇ ದಿನ ಮುಗಿಸಬೇಕಿಲ್ಲ. ಆದರೆ ನಡುವಿನದನ್ನು ಬಿಟ್ಟು ಮುಂದಕ್ಕೆ ಹಾರಬೇಡಿ.

ಲ್ಯಾಪ್‌ಟಾಪ್ ಆಫೀಸಿನವರು ಕೊಟ್ಟದ್ದಾದರೆ ಅದರ ಸೆಟ್ಟಿಂಗ್ಸ್ ಅವರ ಹಿಡಿತದಲ್ಲಿರುತ್ತದೆ. ಅಲ್ಲಿ ನೀವಾಗಿ ಏನನ್ನೂ ಬದಲಾಯಿಸಬೇಡಿ, ಐಟಿ ವಿಭಾಗವನ್ನು ಕೇಳಿ. ಸ್ವಂತ ಯಂತ್ರ, ಸ್ವಂತ ಖಾತೆಗಳು, ಮನೆಯ ರೂಟರ್ ಮಾತ್ರ ಪೂರ್ತಿ ನಿಮ್ಮ ಜವಾಬ್ದಾರಿ.

ಶುರು ಮಾಡುವ ಮೊದಲು ಏನೇನು ಬೇಕು

ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಒಂದು ನೋಟ್‌ಬುಕ್ಕು, ಪೆನ್ನು. ಸಾಧ್ಯವಾದರೆ ಅನುಮಾನವೇ ಇಲ್ಲದ ಇನ್ನೊಂದು ಸಾಧನ, ಅಪ್‌ಡೇಟ್ ಆಗಿರುವ ಫೋನ್ ಆದರೂ ಸಾಕು. ರೂಟರಿನ ಅಡಿಯಲ್ಲಿ ಅಂಟಿಸಿರುವ ಸ್ಟಿಕ್ಕರಿನ ಫೋಟೊ ತೆಗೆದುಕೊಳ್ಳಿ, ಅದರಲ್ಲಿರುವ ವಿಳಾಸ ಮತ್ತು ಲಾಗಿನ್ ವಿವರ ಆಮೇಲೆ ಬೇಕಾಗುತ್ತದೆ.

ಇನ್ನೊಂದು ಮುಖ್ಯ ವಿಷಯ: ಆಫೀಸಿನ ಐಟಿ ವಿಭಾಗದ ಫೋನ್ ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಕೈಕೊಟ್ಟ ದಿನ ಆ ನಂಬರ್ ಅದರ ಒಳಗೇ ಸಿಕ್ಕಿಹಾಕಿಕೊಂಡಿರುತ್ತದೆ, ಅಲ್ವಾ?

1. ಯಂತ್ರವನ್ನು ಶುದ್ಧ ಮಾಡಿ

ಮೊದಲು ಬೇಡದ ತಂತ್ರಾಂಶಗಳನ್ನು ತೆಗೆಯಿರಿ. ಯಾವತ್ತೋ ಯಾರಿಗೋ ಸಹಾಯ ಮಾಡಲು ಹಾಕಿದ ಎನಿಡೆಸ್ಕ್, ಟೀಮ್‌ವ್ಯೂವರ್ ಥರದ, ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ತಂತ್ರಾಂಶಗಳು ಈಗಲೂ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಬ್ರೌಸರ್ ಎಕ್ಸ್‌ಟೆನ್ಷನ್‌ಗಳ ಪಟ್ಟಿ ತೆರೆದು, ಏನಕ್ಕೆ ಹಾಕಿದ್ದು ಅಂತ ನೆನಪಿಲ್ಲದ್ದನ್ನೆಲ್ಲ ಅಳಿಸಿ.

ಆಮೇಲೆ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಮಾಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸದೆ ಇನ್ನೂ ಅದರಲ್ಲೇ ಇದ್ದರೆ, ಆ ಯಂತ್ರದಲ್ಲಿ ಆಫೀಸ್ ಕೆಲಸ ಮಾಡಬೇಡಿ.

'ನಾಳೆ ನೆನಪಿಸು' ಒತ್ತುವ ಅಭ್ಯಾಸವನ್ನು ಬಿಡಲೇಬೇಕು. 2017ರ ಮೇ 12ರಂದು ಹರಡಿದ ವಾನಾಕ್ರೈ ಎಂಬ ಹಾನಿಕಾರಕ ತಂತ್ರಾಂಶ, ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಜಾಸ್ತಿ ಕಂಪ್ಯೂಟರುಗಳ ಕಡತಗಳನ್ನು ಬೀಗ ಹಾಕಿ ದುಡ್ಡು ಕೇಳಿತು. ಅದು ಬಳಸಿದ ಲೋಪಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಪರಿಹಾರ ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಅಪ್‌ಡೇಟ್ ಅಂದರೆ ಬರೀ ವಿಂಡೋಸ್ ಅಲ್ಲ. ಬ್ರೌಸರ್, ಪಿಡಿಎಫ್ ಓದುವ ಆಪ್, ಸಿನಿಮಾ ನೋಡುವ ಆಪ್, ಎಲ್ಲವೂ ಸೇರಿ. 2022ರಲ್ಲಿ, ಜನರ ಪಾಸ್‌ವರ್ಡುಗಳನ್ನು ಕಾಪಾಡಿಡುವ ಆಪ್ ಮಾಡುವ ಲಾಸ್ಟ್‌ಪಾಸ್ ಕಂಪನಿಯ ದತ್ತಾಂಶ ಕಳುವಾದದ್ದು ಹೇಗೆ ಅಂತ ಪ್ರತಿಯೊಬ್ಬ ಮನೆ-ಆಫೀಸಿನವರೂ ತಿಳಿದಿರಬೇಕು. ಅಲ್ಲಿನ ಒಬ್ಬ ಎಂಜಿನಿಯರ್ ಮನೆಯ ಕಂಪ್ಯೂಟರಿನಲ್ಲಿ ಪ್ಲೆಕ್ಸ್ ಎಂಬ ಮೀಡಿಯಾ ತಂತ್ರಾಂಶದ ಹಳೆಯ ಆವೃತ್ತಿ ಇತ್ತು. ಅದರ ಲೋಪಕ್ಕೆ 2020ರಲ್ಲೇ ಪರಿಹಾರ ಬಂದಿತ್ತು. ದಾಳಿಕೋರರು ಆ ದಾರಿಯಲ್ಲಿ ನುಗ್ಗಿ, ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ದಾಖಲಿಸುವ ತಂತ್ರಾಂಶ ಕೂರಿಸಿ, ಉಳಿದ ಪಾಸ್‌ವರ್ಡುಗಳನ್ನೆಲ್ಲ ತೆರೆಯುವ ಮಾಸ್ಟರ್ ಪಾಸ್‌ವರ್ಡನ್ನೇ ಹಿಡಿದರು. ಅಷ್ಟು ದೊಡ್ಡ ಕಂಪನಿಯ ಒಳಕ್ಕೆ ಹೋಗುವ ದಾರಿ ಸಿಕ್ಕಿದ್ದು ಮನೆಯ ಮನರಂಜನೆಯ ಆಪ್‌ನಲ್ಲಿ.

ಈಗ ಸ್ಕ್ಯಾನ್ ಮಾಡಿ. ವಿಂಡೋಸಿನಲ್ಲೇ ಇರುವ ಡಿಫೆಂಡರ್ ಸಾಕು. ವಿಂಡೋಸ್ ಸೆಕ್ಯೂರಿಟಿ ತೆರೆದು, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ. ಮೊದಲು ಫುಲ್ ಸ್ಕ್ಯಾನ್, ಆಮೇಲೆ ಆಫ್‌ಲೈನ್ ಸ್ಕ್ಯಾನ್. ಎರಡನೆಯದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹುಡುಕುತ್ತದೆ, ಹಾಗಾಗಿ ಅಡಗಿ ಕೂತಿರುವುದೂ ಸಿಗುವ ಸಾಧ್ಯತೆ ಜಾಸ್ತಿ. ಒಂದು ಯಂತ್ರದಲ್ಲಿ ಎರಡು ಆಂಟಿವೈರಸ್ ಬೇಡ. ಒಂದು ಇನ್ನೊಂದರ ಕೆಲಸಕ್ಕೆ ಅಡ್ಡ ಬರುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು: ಕ್ರ್ಯಾಕ್ ಮಾಡಿದ ತಂತ್ರಾಂಶ ಹಾಕಿದ್ದ ಯಂತ್ರದಲ್ಲಿ ಸ್ಕ್ಯಾನ್ ಏನೂ ತೋರಿಸಲಿಲ್ಲ ಅಂತ ಸಮಾಧಾನ ಪಡುವುದು. ಪಾಸ್‌ವರ್ಡ್ ಕದಿಯುವ ತಂತ್ರಾಂಶಗಳು ಹರಡುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಇನ್‌ಸ್ಟಾಲ್ ಮಾಡುವಾಗ 'ಆಂಟಿವೈರಸ್ ಆಫ್ ಮಾಡಿ' ಅಂತ ಸೂಚನೆ ಇತ್ತಾ? ಹಾಗಿದ್ದರೆ ಅನುಮಾನವೇ ಬೇಡ. ದಾಖಲೆಗಳನ್ನು ಮಾತ್ರ ತೆಗೆದಿಟ್ಟುಕೊಂಡು ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿ ಹಾಕಿ. ಬೇಸರದ ಕೆಲಸ ನಿಜ. ಆದರೆ ಇದನ್ನು ಬಿಟ್ಟರೆ ಮುಂದಿನ ಹಂತಗಳೆಲ್ಲ ವ್ಯರ್ಥ.

2. ದಿನದ ಕೆಲಸಕ್ಕೆ ಅಡ್ಮಿನ್ ಖಾತೆ ಬೇಡ

ಕಂಪ್ಯೂಟರಿನಲ್ಲಿ ಇನ್ನೊಂದು ಸಾಮಾನ್ಯ ಬಳಕೆದಾರ ಖಾತೆ ಮಾಡಿ, ದಿನವೂ ಅದರಲ್ಲೇ ಕೆಲಸ ಮಾಡಿ. ತಪ್ಪಿ ಏನನ್ನೋ ಒತ್ತಿದರೂ ಅದು ಇಡೀ ಯಂತ್ರವನ್ನು ಬದಲಾಯಿಸುವುದು ಕಷ್ಟವಾಗುತ್ತದೆ.

ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಮಾಡಿ. ವಿಂಡೋಸಿನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಲ್ಯಾಪ್‌ಟಾಪ್ ಕಳೆದುಹೋದರೂ ಒಳಗಿನ ಕಡತ ಯಾರೂ ಓದಲಾರರು. ಡಿಸ್ಕ್ ಮಾಮೂಲಿನಂತೆ ತೆರೆಯದಿದ್ದಾಗ ಬೇಕಾಗುವ ಬಿಟ್‌ಲಾಕರಿನ ರಿಕವರಿ ಕೀ 48 ಅಂಕಿಗಳದ್ದು. ಅದನ್ನು ಅದೇ ಲ್ಯಾಪ್‌ಟಾಪಿನಲ್ಲಿ ಉಳಿಸಿದರೆ ಪ್ರಯೋಜನವಿಲ್ಲ, ಕಾಗದದಲ್ಲಿ ಬರೆದು ಬೇರೆ ಕಡೆ ಇಡಿ.

ಎದ್ದು ಹೋಗುವಾಗ ಸ್ಕ್ರೀನ್ ಲಾಕ್ ಮಾಡಿ: ವಿಂಡೋಸ್ ಕೀ ಜೊತೆ ಎಲ್. ಮನೆಯವರ ಮೇಲೆ ಅನುಮಾನ ಅಂತಲ್ಲ. ಮಗು ಸುಮ್ನೆ ಒತ್ತಿದ ಒಂದು ಕೀ ಗ್ರಾಹಕರಿಗೆ ಮೇಲ್ ಕಳಿಸಿಬಿಡಬಹುದು.

3. ಮುಖ್ಯ ಇಮೇಲನ್ನು ಭದ್ರ ಮಾಡಿ

ಯಾಕೆ ಇಮೇಲ್ ಮೊದಲು? ನಿಮ್ಮ ಹೆಚ್ಚಿನ ಖಾತೆಗಳ 'ಪಾಸ್‌ವರ್ಡ್ ಮರೆತಿದ್ದೇನೆ' ಲಿಂಕ್ ಬಂದು ಬೀಳುವುದು ಅಲ್ಲಿಗೇ. ಇಮೇಲ್ ಹೋದರೆ ಉಳಿದದ್ದೆಲ್ಲ ಒಂದೊಂದಾಗಿ ಹೋಗುತ್ತದೆ.

ಪಾಸ್‌ವರ್ಡ್ ಬದಲಾಯಿಸಿ. ಆಮೇಲೆ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ. ಈ ಎರಡನೇ ಕೆಲಸವನ್ನು ತುಂಬಾ ಜನ ಬಿಡುತ್ತಾರೆ. ಒಮ್ಮೆ ಲಾಗಿನ್ ಆದ ಮೇಲೆ ಬ್ರೌಸರ್ ಒಂದು ಕುಕೀ ಇಟ್ಟುಕೊಂಡು ನಿಮ್ಮನ್ನು ಗುರುತಿಸುತ್ತದೆ. ಆ ಕುಕೀಯನ್ನೇ ಕದ್ದವನಿಗೆ ಪಾಸ್‌ವರ್ಡೂ ಬೇಕಿಲ್ಲ, ಒಟಿಪಿಯೂ ಬೇಕಿಲ್ಲ.

ಮುಂದೆ ಮೂರು ಕಡೆ ಕಣ್ಣಾಡಿಸಿ. ರಿಕವರಿ ಇಮೇಲ್ ಮತ್ತು ಫೋನ್ ನಂಬರ್ ನಿಮ್ಮದೇನಾ? ಫಾರ್ವರ್ಡಿಂಗ್ ಸೆಟ್ಟಿಂಗಿನಲ್ಲಿ ಗೊತ್ತಿಲ್ಲದ ವಿಳಾಸ ಇದೆಯಾ? ಫಿಲ್ಟರ್ ಅಥವಾ ರೂಲ್ಸ್ ಪಟ್ಟಿಯಲ್ಲಿ ನೀವು ಮಾಡದ ನಿಯಮ ಇದೆಯಾ? ಒಳಹೊಕ್ಕವರು 'ಇನ್‌ವಾಯ್ಸ್' ಎಂಬ ಪದ ಇರುವ ಮೇಲ್‌ಗಳು ಇನ್‌ಬಾಕ್ಸಿಗೆ ಬಾರದಂತೆ ನಿಯಮ ಮಾಡಿಟ್ಟು, ನಿಮ್ಮ ಹೆಸರಲ್ಲಿ ಗ್ರಾಹಕರ ಜೊತೆ ವ್ಯವಹಾರ ನಡೆಸುತ್ತಾರೆ. ನೀವು ಪಾಸ್‌ವರ್ಡ್ ಬದಲಾಯಿಸಿದರೂ ಆ ನಿಯಮ ಹಾಗೇ ಉಳಿಯುತ್ತದೆ.

4. ಒಂದೊಂದು ಖಾತೆಗೂ ಬೇರೆ ಪಾಸ್‌ವರ್ಡ್

ಒಂದೇ ಪಾಸ್‌ವರ್ಡನ್ನು ಎರಡು ಕಡೆ ಬಳಸುವುದೇ ಇಲ್ಲಿನ ಮುಖ್ಯ ರೋಗ. 2012ರಲ್ಲಿ ಡ್ರಾಪ್‌ಬಾಕ್ಸ್‌ನ ಉದ್ಯೋಗಿಯೊಬ್ಬರ ಖಾತೆಗೆ ಕಳ್ಳರು ನುಗ್ಗಿದ್ದು, ಬೇರೊಂದು ಜಾಲತಾಣದಿಂದ ಕದ್ದ ಪಾಸ್‌ವರ್ಡ್ ಹಾಕಿ. ಅದೇ ಪಾಸ್‌ವರ್ಡ್ ಇಲ್ಲೂ ಇತ್ತು.

ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್, ಕೀಪಾಸ್‌ಎಕ್ಸ್‌ಸಿ ಥರದ ಪಾಸ್‌ವರ್ಡ್ ಮ್ಯಾನೇಜರ್ (ಎಲ್ಲ ಪಾಸ್‌ವರ್ಡುಗಳನ್ನು ಒಂದೇ ಕಡೆ ಬೀಗ ಹಾಕಿಡುವ ಆಪ್) ಒಂದನ್ನು ಆರಿಸಿಕೊಳ್ಳಿ. ಲಾಸ್ಟ್‌ಪಾಸ್ ಕಥೆ ಕೇಳಿದ ಮೇಲೂ ಮ್ಯಾನೇಜರ್ ಬೇಕಾ ಅಂತ ಕೇಳಬಹುದು. ಬೇಕು. ನೂರಾರು ಬೇರೆ ಬೇರೆ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಮ್ಯಾನೇಜರ್ ಇಲ್ಲದಿದ್ದರೆ ಜನ ಮತ್ತೆ ಹಳೆಯದನ್ನೇ ಎಲ್ಲ ಕಡೆ ಹಾಕುತ್ತಾರೆ, ಅದರ ಅಪಾಯ ಇನ್ನೂ ದೊಡ್ಡದು. ಆ ಕಥೆಯಿಂದ ಕಲಿಯಬೇಕಾದ್ದು ಮಾಸ್ಟರ್ ಪಾಸ್‌ವರ್ಡ್ ಉದ್ದ ಇರಬೇಕು ಮತ್ತು ಅದನ್ನು ಶುದ್ಧ ಯಂತ್ರದಲ್ಲಿ ಮಾತ್ರ ಟೈಪ್ ಮಾಡಬೇಕು ಅಂತ.

ಮಾಸ್ಟರ್ ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದ ಜೋಡಿಸಿ. ಗಾದೆ, ಹಾಡಿನ ಸಾಲು, ಮಕ್ಕಳ ಹೆಸರು ಬೇಡ. ತಿಂಗಳಿಗೊಮ್ಮೆ ಸುಮ್ನೆ ಬದಲಾಯಿಸುವುದೂ ಬೇಡ. ಬಲವಂತವಾಗಿ ಬದಲಾಯಿಸುವವರು ಕೊನೆಯ ಅಂಕಿ 1 ಇದ್ದದ್ದನ್ನು 2 ಮಾಡುತ್ತಾರೆ, ಅಷ್ಟೆ. ಸೋರಿಕೆಯ ಅನುಮಾನ ಬಂದಾಗ ಮಾತ್ರ ಬದಲಾಯಿಸಿ. ನಿಮ್ಮ ಇಮೇಲ್ ಯಾವ ಸೋರಿಕೆಗಳಲ್ಲಿ ಸಿಕ್ಕಿದೆ ಅಂತ 'ಹ್ಯಾವ್ ಐ ಬೀನ್ ಪೋನ್ಡ್' ಜಾಲತಾಣದಲ್ಲಿ ನೋಡಬಹುದು.

5. ಎರಡು ಹಂತದ ಲಾಗಿನ್

2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಇಂಧನ ಸಾಗಣೆಯನ್ನೇ ನಿಲ್ಲಿಸಬೇಕಾಯಿತು. ದಾಳಿಕೋರರು ಬಂದದ್ದು ಬಳಕೆಯಲ್ಲಿಲ್ಲದ ಒಂದು ವಿಪಿಎನ್ ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಬಿಟ್ಟು ಬೇರೆ ತಡೆ ಇರಲಿಲ್ಲ. ಎರಡು ಹಂತದ ಲಾಗಿನ್ ಅಂದರೆ ಆ ಇನ್ನೊಂದು ತಡೆ: ಪಾಸ್‌ವರ್ಡ್ ಆದ ಮೇಲೆ ಫೋನಿಗೆ ಬರುವ ಕೋಡ್ ಥರದ್ದು.

ಎಸ್‌ಎಂಎಸ್ ಒಟಿಪಿ ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಮೊಬೈಲ್ ಕಂಪನಿಯನ್ನು ನಂಬಿಸಿ ನಿಮ್ಮ ನಂಬರಿಗೆ ಹೊಸ ಸಿಮ್ ಪಡೆದವನಿಗೆ ಒಟಿಪಿಯೂ ಹೋಗುತ್ತದೆ. 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಕೋಡ್ ಕೊಡುವ ಅಥೆಂಟಿಕೇಟರ್ ಆಪ್ ಅದಕ್ಕಿಂತ ಉತ್ತಮ. ಪಾಸ್‌ಕೀ (ಫೋನ್ ಅಥವಾ ಕಂಪ್ಯೂಟರಿನ ಬೆರಳಚ್ಚು, ಪಿನ್‌ನಿಂದ ಆಗುವ ಲಾಗಿನ್) ಅಥವಾ ಯುಎಸ್‌ಬಿ ಸೆಕ್ಯೂರಿಟಿ ಕೀ (ಕಂಪ್ಯೂಟರಿಗೆ ಚುಚ್ಚುವ ಚಿಕ್ಕ ಸಾಧನ) ಇನ್ನೂ ಉತ್ತಮ. ಇವು ನಿಜವಾದ ಜಾಲತಾಣದ ವಿಳಾಸ ಹೊಂದಿದರೆ ಮಾತ್ರ ಕೆಲಸ ಮಾಡುತ್ತವೆ, ನಕಲಿ ಪುಟದಲ್ಲಿ ನೀವು ಮೋಸ ಹೋದರೂ ಅವು ಹೋಗುವುದಿಲ್ಲ. ಯುಎಸ್‌ಬಿ ಕೀ ಕೊಳ್ಳುವುದಾದರೆ ಎರಡು ಕೊಳ್ಳಿ, ಒಂದನ್ನು ಎತ್ತಿಡಿ.

ಬ್ಯಾಕಪ್ ಕೋಡ್‌ಗಳನ್ನು ಮರೆಯಬೇಡಿ. ಗೂಗಲ್ ಒಮ್ಮೆಗೆ 10 ಕೋಡ್ ಕೊಡುತ್ತದೆ. ಬರೆದಿಡಿ. ಫೋನ್ ಕಳೆದುಕೊಂಡು ತಮ್ಮದೇ ಖಾತೆಯ ಹೊರಗೆ ಉಳಿಯುವವರು ಎಷ್ಟೋ ಜನ, ಅವರೆಲ್ಲ ಬಿಟ್ಟದ್ದು ಇದೇ ಒಂದು ಕೆಲಸ.

ಎಚ್ಚರಿಕೆಯ ಲಕ್ಷಣ ಒಂದಿದೆ. ನೀವು ಲಾಗಿನ್ ಮಾಡದೇ ಇರುವಾಗ 'ನೀವೇನಾ? ಒಪ್ಪಿಗೆ ಕೊಡಿ' ಅಂತ ಫೋನಿನಲ್ಲಿ ಬಂದರೆ ನಿಮ್ಮ ಪಾಸ್‌ವರ್ಡ್ ಆಗಲೇ ಇನ್ನೊಬ್ಬರ ಬಳಿ ಇದೆ ಅಂತ ಅರ್ಥ. 2022ರ ಸೆಪ್ಟೆಂಬರಿನಲ್ಲಿ ಊಬರ್‌ಗೆ ಆದದ್ದು ಇದೇ. ಗುತ್ತಿಗೆ ಕೆಲಸದವರೊಬ್ಬರಿಗೆ ಮತ್ತೆ ಮತ್ತೆ ಒಪ್ಪಿಗೆ ಕೇಳುವ ಸೂಚನೆ ಬಂತು, ಕೊನೆಗೆ ಒಂದಕ್ಕೆ ಅವರು ಒಪ್ಪಿದರು. ಅವರ ಸ್ವಂತ ಸಾಧನಕ್ಕೆ ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ತಗುಲಿ ಪಾಸ್‌ವರ್ಡ್ ಮಾರಾಟವಾಗಿರಬಹುದು ಅಂತ ಕಂಪನಿ ಹೇಳಿತು. ಮೊದಲ ಹಂತ ಯಾಕೆ ಮೊದಲು ಅಂತ ಈಗ ಗೊತ್ತಾಯಿತಲ್ಲ? ಇಂಥ ಸೂಚನೆ ಬಂದರೆ ತಿರಸ್ಕರಿಸಿ, ಪಾಸ್‌ವರ್ಡ್ ಬದಲಾಯಿಸಿ, ಆಫೀಸಿಗೆ ತಿಳಿಸಿ.

6. ರೂಟರ್

ಬ್ರೌಸರಿನಲ್ಲಿ 192.168.0.1 ಅಥವಾ 192.168.1.1 ಅಥವಾ ಸ್ಟಿಕ್ಕರಿನಲ್ಲಿರುವ ವಿಳಾಸ ಹಾಕಿ ಒಳಗೆ ಹೋಗಿ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ವೈಫೈಯದ್ದನ್ನು ಬದಲಾಯಿಸಿ ಎಲ್ಲ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. 2016ರ ಮಿರಾಯ್ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶ ಮಾಡಿಕೊಂಡದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡುಗಳ ಒಂದು ಚಿಕ್ಕ ಪಟ್ಟಿಯಿಂದ.

ಆಮೇಲೆ ಫರ್ಮ್‌ವೇರ್ (ರೂಟರಿನ ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ. ಸ್ವಯಂ ಅಪ್‌ಡೇಟ್ ಸೌಲಭ್ಯ ಇದ್ದರೆ ಆನ್ ಮಾಡಿ. ತಯಾರಕರು ಅಪ್‌ಡೇಟ್ ನಿಲ್ಲಿಸಿರುವ ಹಳೆಯ ರೂಟರ್ ಆದರೆ ಬದಲಾಯಿಸುವುದೇ ದಾರಿ.

ವೈಫೈ ಸೆಟ್ಟಿಂಗಿನಲ್ಲಿ ಭದ್ರತೆಯ ಬಗೆ ಡಬ್ಲ್ಯೂಪಿಎ3 ಇರಲಿ, ಇಲ್ಲದಿದ್ದರೆ ಡಬ್ಲ್ಯೂಪಿಎ2 ಎಇಎಸ್. ತೀರಾ ಹಳೆಯದಾದ ಡಬ್ಲ್ಯೂಇಪಿ ಬೇಡವೇ ಬೇಡ. ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಸೌಲಭ್ಯ) ಆಫ್ ಮಾಡಿ. ಅದರ ಪಿನ್ ಎಂಟಂಕಿಯದ್ದಾದರೂ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಸಿಗುತ್ತದೆ ಅಂತ 2011ರಲ್ಲೇ ಬಯಲಾಗಿದೆ. ಹೊರಗಿನಿಂದ ರೂಟರ್ ನಿಯಂತ್ರಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಇರಲಿ. ಮನೆಯ ಸಾಧನಗಳು ರೂಟರಿನಲ್ಲಿ ತಾವಾಗಿ ದಾರಿ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿಯೂ ಆಫ್.

ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಮನೆಯ ಕಂಪ್ಯೂಟರಿಗೆ ಬಿಟ್ಟಿರುವ ದಾರಿಗಳು) ಪಟ್ಟಿಯಲ್ಲಿ 3389 ಇದ್ದರೆ ಈಗಲೇ ಅಳಿಸಿ. ಅದು ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನ ಪೋರ್ಟ್. ಇಂಟರ್‌ನೆಟ್ಟಿಗೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳು ಹಗಲು ರಾತ್ರಿ ನಡೆಯುತ್ತಲೇ ಇರುತ್ತವೆ.

7. ಮನೆ ಬೇರೆ, ಆಫೀಸ್ ಬೇರೆ

ಇಡೀ ಪಟ್ಟಿಯಲ್ಲಿ ಜನ ಸುಲಭ ಅಂದುಕೊಂಡು ಪೂರ್ತಿ ಮಾಡದೆ ಬಿಡುವ ಹಂತ ಇದು. ನನ್ನ ಪ್ರಕಾರ ಮನೆ-ಆಫೀಸಿನ ದೊಡ್ಡ ಅಪಾಯವೂ ಇಲ್ಲೇ ಇದೆ.

ವೈಫೈಯಿಂದ ಶುರು ಮಾಡಿ. ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ (ಮುಖ್ಯ ವೈಫೈಯಿಂದ ಬೇರೆಯಾಗಿರುವ ಇನ್ನೊಂದು ವೈಫೈ) ಆನ್ ಮಾಡಿ, ಟಿವಿ, ಕ್ಯಾಮೆರಾ, ಸ್ಮಾರ್ಟ್ ಸ್ಪೀಕರ್, ಮಕ್ಕಳ ಟ್ಯಾಬ್, ನೆಂಟರ ಫೋನ್ ಎಲ್ಲವನ್ನೂ ಅದಕ್ಕೆ ಸೇರಿಸಿ. ಕೆಲಸದ ಲ್ಯಾಪ್‌ಟಾಪ್ ಮಾತ್ರ ಮುಖ್ಯ ನೆಟ್‌ವರ್ಕಿನಲ್ಲಿ.

ಮುಂದಿನದು ಬ್ರೌಸರ್. ಕೆಲಸದ ಲ್ಯಾಪ್‌ಟಾಪಿನಲ್ಲಿ ಸ್ವಂತ ಜಿಮೇಲ್‌ನಿಂದ ಕ್ರೋಮ್‌ಗೆ ಸೈನ್ ಇನ್ ಮಾಡುತ್ತೀರಾ? ಆಗ 'ಪಾಸ್‌ವರ್ಡ್ ಉಳಿಸಲೇ?' ಎಂಬ ಪ್ರಶ್ನೆಗೆ ಹೌದು ಅಂದರೆ, ಆಫೀಸಿನ ಪಾಸ್‌ವರ್ಡ್ ನಿಮ್ಮ ಸ್ವಂತ ಗೂಗಲ್ ಖಾತೆಗೆ ಹೋಗಿ ಕೂರುತ್ತದೆ. ಅಲ್ಲಿಂದ ನಿಮ್ಮ ಬೇರೆ ಸಾಧನಗಳಿಗೂ ಹೋಗುತ್ತದೆ. 2022ರಲ್ಲಿ ಸಿಸ್ಕೊ ಮೇಲೆ ಆದ ದಾಳಿ ಶುರುವಾದದ್ದು ಉದ್ಯೋಗಿಯೊಬ್ಬರ ಸ್ವಂತ ಗೂಗಲ್ ಖಾತೆಯಿಂದ. ಮುಂದಿನ ವರ್ಷ ಓಕ್ಟಾ ಕಂಪನಿಯಲ್ಲೂ ಇದೇ ರೀತಿ: ಕಂಪನಿಯ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಉದ್ಯೋಗಿ ಸ್ವಂತ ಪ್ರೊಫೈಲ್ ತೆರೆದಿದ್ದರು, ಒಂದು ಮುಖ್ಯ ಖಾತೆಯ ಪಾಸ್‌ವರ್ಡ್ ಅದರಲ್ಲಿ ಉಳಿದಿತ್ತು. ಎರಡೂ ಸುರಕ್ಷತೆಯ ಉತ್ಪನ್ನಗಳನ್ನು ಮಾರುವ ಕಂಪನಿಗಳು. ಅವರ ಫೈರ್‌ವಾಲ್‌ಗಳು ಈ ದಾರಿಗೆ ಅಡ್ಡ ಬರಲಿಲ್ಲ.

ಮಾಡಬೇಕಾದ್ದು ಇಷ್ಟು. ಕೆಲಸದ ಯಂತ್ರದಲ್ಲಿ ಸ್ವಂತ ಬ್ರೌಸರ್ ಪ್ರೊಫೈಲ್ ಇಡಬೇಡಿ. ಬ್ರೌಸರಿನಲ್ಲಿ ಉಳಿದಿರುವ ಆಫೀಸಿನ ಪಾಸ್‌ವರ್ಡುಗಳನ್ನು ಅಳಿಸಿ. ಆಫೀಸಿನ ಕಡತವನ್ನು ಸ್ವಂತ ಡ್ರೈವ್‌ಗೆ, ಸ್ವಂತ ವಾಟ್ಸಾಪ್‌ಗೆ ಕಳಿಸಬೇಡಿ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಮಕ್ಕಳಿಗೆ ಆಟ ಆಡಲು ಕೊಡಬೇಡಿ. ಒಂದೇ ಕಂಪ್ಯೂಟರ್ ಇರುವ ಮನೆಯಾದರೆ ಕನಿಷ್ಠ ಬೇರೆ ಬೇರೆ ಬಳಕೆದಾರ ಖಾತೆ ಮಾಡಿ.

ವಿಪಿಎನ್ ಬಗ್ಗೆ ಒಂದು ಮಾತು. ಆಫೀಸಿನವರು ಕೊಟ್ಟ ವಿಪಿಎನ್ ಬಳಸಿ. ಜಾಹೀರಾತು ನೋಡಿ ಕೊಂಡ ವಿಪಿಎನ್ ನಕಲಿ ಪುಟವನ್ನಾಗಲಿ, ಮಾಲ್‌ವೇರನ್ನಾಗಲಿ ತಡೆಯುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಅದು ದತ್ತಾಂಶ ಹೋಗುವ ದಾರಿಯನ್ನು ಮಾತ್ರ ಮುಚ್ಚುತ್ತದೆ. ಹೊರಗಡೆ ಕೆಲಸ ಮಾಡುವಾಗ ಸಾರ್ವಜನಿಕ ವೈಫೈಗಿಂತ ನಿಮ್ಮ ಫೋನಿನ ಹಾಟ್‌ಸ್ಪಾಟ್ ಒಳ್ಳೆಯದು.

8. ಬ್ಯಾಕಪ್

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಎಕ್ಸ್‌ಟರ್ನಲ್ ಡಿಸ್ಕನ್ನು ಬ್ಯಾಕಪ್ ಮುಗಿದ ತಕ್ಷಣ ಕಿತ್ತಿಡಿ. ಸದಾ ಚುಚ್ಚಿಟ್ಟಿದ್ದರೆ, ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಡ್ರೈವ್, ಒನ್‌ಡ್ರೈವ್‌ಗೆ ಸಿಂಕ್ ಆಗುವುದು ಬ್ಯಾಕಪ್ ಅಲ್ಲ. ಇಲ್ಲಿ ಕಡತ ಹಾಳಾದರೆ ಹಾಳಾದದ್ದೇ ಅಲ್ಲಿಗೂ ಹೋಗುತ್ತದೆ. ಆಗಾಗ ಒಂದು ಕಡತವನ್ನು ಬ್ಯಾಕಪ್‌ನಿಂದ ವಾಪಸ್ ತಂದು ತೆರೆದು ನೋಡಿ. ಆಫೀಸ್ ಕಡತಗಳ ಬ್ಯಾಕಪ್ ಎಲ್ಲಿ ಇಡಬೇಕು ಅಂತ ಆಫೀಸನ್ನೇ ಕೇಳಿ.

9. ಮೋಸದ ಮೇಲ್, ಕರೆ, ಪುಟಗಳು

ಆಫೀಸಿನಲ್ಲಿದ್ದರೆ ಪಕ್ಕದವರನ್ನು 'ಇದು ನಿಜಾನಾ?' ಅಂತ ಕೇಳುತ್ತಿದ್ದಿರಿ. ಮನೆಯಲ್ಲಿ ಒಬ್ಬರೇ ಇರುತ್ತೀರಿ. ಮೋಸಗಾರರು ಇದನ್ನೇ ನಂಬಿಕೊಂಡಿರುತ್ತಾರೆ. ಅವಸರ ಮಾಡುತ್ತಾರೆ, ಗುಟ್ಟಾಗಿಡಿ ಅನ್ನುತ್ತಾರೆ.

ಕಾಗುಣಿತ ತಪ್ಪಿದ್ದರೆ ನಕಲಿ ಎಂಬ ಹಳೆಯ ಸಲಹೆ ಈಗ ಸಾಲದು, ಎಐ ಬಳಸಿ ತಪ್ಪಿಲ್ಲದೆ ಬರೆಯುತ್ತಾರೆ. ಧ್ವನಿ, ಮುಖ ಕೂಡ ನಕಲಿಯಾಗಬಹುದು. 2024ರ ಆರಂಭದಲ್ಲಿ ಅರೂಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಉದ್ಯೋಗಿಯೊಬ್ಬರು ವಿಡಿಯೋ ಕರೆಯಲ್ಲಿ ತಮ್ಮ ಮೇಲಧಿಕಾರಿಗಳನ್ನೇ ನೋಡಿದೆ ಅಂದುಕೊಂಡು ಸುಮಾರು 2.5 ಕೋಟಿ ಡಾಲರ್ ಕಳಿಸಿದರು. ಕರೆಯಲ್ಲಿದ್ದ ಮುಖಗಳು ನಕಲಿ.

ಆದ್ದರಿಂದ ನಿಯಮ ಒಂದೇ ಇರಲಿ: ದುಡ್ಡು, ಬ್ಯಾಂಕ್ ಖಾತೆ ಬದಲಾವಣೆ, ಪಾಸ್‌ವರ್ಡ್, ಒಟಿಪಿ ಬಗ್ಗೆ ಯಾರೇ ಕೇಳಲಿ, ನಿಮ್ಮ ಬಳಿ ಮೊದಲೇ ಇರುವ ನಂಬರಿಗೆ ನೀವೇ ಕರೆ ಮಾಡಿ ಖಚಿತ ಮಾಡಿಕೊಳ್ಳಿ. ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗೆ ಕರೆ ಮಾಡಿದರೆ ಖಚಿತ ಮಾಡಿಕೊಂಡಂತಲ್ಲ. ನಿಜವಾದ ಮೇಲಧಿಕಾರಿ ಇದಕ್ಕೆ ಸಿಟ್ಟಾಗುವುದಿಲ್ಲ.

ಇತ್ತೀಚೆಗೆ ಹರಡಿರುವ ಇನ್ನೊಂದು ಮೋಸ ನೋಡಿ. ಯಾವುದೋ ಪುಟ 'ನೀವು ರೋಬಾಟ್ ಅಲ್ಲ ಅಂತ ತೋರಿಸಿ' ಅನ್ನುತ್ತದೆ. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ ಅನ್ನುತ್ತದೆ. ಒತ್ತಿದಿರೋ, ಆ ಪುಟ ಗುಟ್ಟಾಗಿ ಕಾಪಿ ಮಾಡಿಟ್ಟಿದ್ದ ಆದೇಶವನ್ನು ನಿಮ್ಮ ಕೈಯಿಂದಲೇ ಓಡಿಸಿದ ಹಾಗಾಯಿತು. ಯಾವ ಪ್ರಾಮಾಣಿಕ ಜಾಲತಾಣವೂ ಹೀಗೆ ಕೇಳುವುದಿಲ್ಲ. ಕೂಡಲೇ ಪುಟ ಮುಚ್ಚಿ.

'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ' ಅಂತ ತಾವಾಗಿ ಕರೆ ಮಾಡುವವರೂ ಅಷ್ಟೆ. ಮೈಕ್ರೋಸಾಫ್ಟ್ ಹಾಗೆ ಕರೆ ಮಾಡುವುದಿಲ್ಲ. ಸ್ಕ್ರೀನ್ ಹಂಚಿಕೊಳ್ಳಲು ಒಪ್ಪಬೇಡಿ.

10. ಏನೋ ಆಗಿದೆ ಅನ್ನಿಸಿದಾಗ

ಲಕ್ಷಣಗಳು ಹೀಗಿರುತ್ತವೆ: ಮೌಸ್ ತಾನಾಗಿ ಓಡುವುದು, ಆಂಟಿವೈರಸ್ ತಾನಾಗಿ ಆಫ್ ಆಗುವುದು, ನೀವು ಕಳಿಸದ ಮೇಲ್‌ಗೆ ಉತ್ತರ ಬರುವುದು, ಕೇಳದ ಒಟಿಪಿ ಬರುವುದು, ಕಡತಗಳ ಹೆಸರಿನ ಕೊನೆಯ ಭಾಗ ಬದಲಾಗುವುದು, ಫೋನಿನ ಸಿಗ್ನಲ್ ಕಾರಣವಿಲ್ಲದೆ ಗಂಟೆಗಟ್ಟಲೆ ಹೋಗುವುದು. ಕೊನೆಯದು ಸಿಮ್ ಕಳ್ಳತನದ ಗುರುತಾಗಿರಬಹುದು.

ಮೊದಲು ಇಂಟರ್‌ನೆಟ್ ತೆಗೆಯಿರಿ. ವೈಫೈ ಆಫ್ ಮಾಡಿ, ಕೇಬಲ್ ಕಿತ್ತುಬಿಡಿ. ಯಂತ್ರವನ್ನು ಶಟ್‌ಡೌನ್ ಮಾಡಬೇಡಿ, ಮೆಮೊರಿಯಲ್ಲಿರುವ ಸುಳಿವು ಅಳಿದುಹೋಗುತ್ತದೆ. ಇಂಟರ್‌ನೆಟ್ ತೆಗೆಯಲು ಯಾವ ದಾರಿಯೂ ಇಲ್ಲದಿದ್ದರೆ ಮಾತ್ರ ಆಫ್ ಮಾಡಿ.

ಎರಡನೆಯದಾಗಿ, ಕಾಗದದಲ್ಲಿ ಬರೆದಿಟ್ಟ ನಂಬರಿಗೆ ಫೋನ್ ಮಾಡಿ ಐಟಿಯವರಿಗೆ ತಿಳಿಸಿ. ತಪ್ಪು ಲಿಂಕ್ ಒತ್ತಿದ್ದರೆ ಅದನ್ನೂ ಹೇಳಿ. ಬೈಗುಳದ ಭಯಕ್ಕೆ ಒಂದು ರಾತ್ರಿ ಮುಚ್ಚಿಟ್ಟರೆ ಆ ರಾತ್ರಿಯಲ್ಲಿ ದಾಳಿಕೋರರು ಇನ್ನಷ್ಟು ಒಳಗೆ ಹೋಗಿರುತ್ತಾರೆ. ದುಡ್ಡು ಹೋಗಿದ್ದರೆ ಅದೇ ಹೊತ್ತಿಗೆ ಬ್ಯಾಂಕಿಗೂ ಕರೆ ಮಾಡಿ, ಪೊಲೀಸರಿಗೂ ದೂರು ಕೊಡಿ. ಬೇಗ ತಿಳಿಸಿದಷ್ಟೂ ಹಣ ತಡೆಯುವ ಅವಕಾಶ ಜಾಸ್ತಿ.

ಮೂರನೆಯದಾಗಿ, ಬೇರೆ ಶುದ್ಧ ಸಾಧನದಿಂದ ಇಮೇಲ್ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿ. ಬೆದರಿಕೆಯ ಸಂದೇಶ, ಮೇಲ್, ಕಡತಗಳನ್ನು ಅಳಿಸಬೇಡಿ, ಸ್ಕ್ರೀನಿನ ಫೋಟೊ ತೆಗೆದಿಡಿ. ಕಡತಗಳಿಗೆ ಬೀಗ ಬಿದ್ದಿದ್ದರೆ ದುಡ್ಡು ಕಳಿಸುವ ಮೊದಲು 'ನೋ ಮೋರ್ ರ‍್ಯಾನ್ಸಮ್' ಜಾಲತಾಣ ನೋಡಿ. ಯುರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಸುರಕ್ಷತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಕೆಲವು ಬಗೆಯ ಬೀಗಗಳಿಗೆ ಅಲ್ಲಿ ಉಚಿತ ಕೀ ಸಿಗುತ್ತದೆ.

ಇಷ್ಟಾದ ಮೇಲೆ ಐಟಿಯವರು ಹೇಳಿದರೆ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿ ಹಾಕಿ, ದಾಳಿಗಿಂತ ಹಿಂದಿನ ದಿನಾಂಕದ ಬ್ಯಾಕಪ್‌ನಿಂದ ದಾಖಲೆಗಳನ್ನು ಮಾತ್ರ ವಾಪಸ್ ತನ್ನಿ. ಹಳೆಯ ಇನ್‌ಸ್ಟಾಲರ್ ಕಡತಗಳನ್ನು ತರಬೇಡಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಾವಣೆ ಅದಾದ ನಂತರವೇ.